ಇಂಗ್ಲಿಷ್ ವಾಕ್ಯದ ಮೊದಲ ತುಣುಕಿನ ನಂತರ ಕಾಮಾ: ಎಲ್ಲಿ ಬೇಕು, ಎಲ್ಲಿ ಬೇಡ?

ಡೊಂಬಿವಲಿ ಪೂರ್ವ · ಸೋಮವಾರ, ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಬರವಣಿಗೆಯ ಬಗ್ಗೆ ಒಂದು ಪುಟದ ಟಿಪ್ಪಣಿ ತಯಾರಾಗಬೇಕು. ವಾಕ್ಯದ ಆರಂಭದಲ್ಲಿ ಬರುವ ತುಣುಕಿನ ನಂತರ ಕಾಮಾ ಹಾಕುವ ವಿಷಯದಲ್ಲಿ ಒಂದು ಪುಸ್ತಕದಂತೆ ಇನ್ನೊಂದಿಲ್ಲ. ಒಂದರಲ್ಲಿ "ಇನ್ 1961 ಗೋವಾ ವಾಸ್ ಲಿಬರೇಟೆಡ್" ಎಂದು ಕಾಮಾ ಇಲ್ಲದೆ ಇದೆ. ಮತ್ತೊಂದರಲ್ಲಿ 1961ರ ನಂತರ ಕಾಮಾ ಉಂಟು. "ವೆನ್" ಇದ್ದಲ್ಲಿ ಎಲ್ಲರೂ ಹಾಕುತ್ತಾರೆ, "ಟುಡೇ", "ನೌ" ಬಂದರೆ ಕೆಲವರು ಮಾತ್ರ. ಹಳೆಯ ಟಿಪ್ಪಣಿಯಲ್ಲಿ "ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ" ಎಂದಷ್ಟೇ ಇದೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಮಕ್ಕಳು ತಾವಾಗಿಯೇ ನಿರ್ಧರಿಸುವಂಥ ಗಟ್ಟಿಯಾದ ದಾರಿ ಇದ್ದರೆ ತಿಳಿಸಿ. ಲಿಪಿ ಬದಲಿಸುವ ತೊಂದರೆ ಬೇಡವೆಂದು ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟರೆ ಅನುಕೂಲ.

ಮಾಟುಂಗಾ ಕರಡು · ಸೋಮವಾರ, ಬೆಳಿಗ್ಗೆ 11.02

ಉಸಿರಿನ ಲೆಕ್ಕ ಮೊದಲು ತೆಗೆದುಹಾಕಿ ಮೇಡಂ. ಒಬ್ಬೊಬ್ಬರ ಉಸಿರು ಒಂದೊಂದು ಉದ್ದ. ಅದನ್ನು ನಂಬಿದರೆ ಉದ್ದನೆಯ ಕರ್ತೃಪದ ಮುಗಿದಲ್ಲೂ ಕಾಮಾ ಬೀಳುತ್ತದೆ. "ದ ಸ್ಟೂಡೆಂಟ್ಸ್ ಹೂ ಲಿವ್ ಇನ್ ಡೊಂಬಿವಲಿ, ಕಮ್ ಬೈ ಟ್ರೇನ್" ಎಂದು ಬರೆಯುವುದು ಹೀಗೆಯೇ. ಅಲ್ಲಿ ಡೊಂಬಿವಲಿಯ ನಂತರ ಕಾಮಾ ತಪ್ಪು, ಏಕೆಂದರೆ ಅದು ಕರ್ತೃವನ್ನೂ ಕ್ರಿಯಾಪದವನ್ನೂ ಕತ್ತರಿಸಿ ಬೇರೆ ಮಾಡುತ್ತದೆ.

ಕನ್ನಡ ಬಲ್ಲ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಅವರ ನಾಲಿಗೆಯ ಮೇಲೆಯೇ ಉಂಟು. "ಮಳೆ ನಿಂತ ಮೇಲೆ ಅಂಗಡಿ ತೆರೆದರು." ಇಲ್ಲಿ ಅಲ್ಪವಿರಾಮ ಬೇಕೆಂದು ನಮಗೆ ಅನಿಸುವುದೇ ಇಲ್ಲ. "ಮೇಲೆ" ಎಂಬ ಪದ ತುಣುಕಿನ ಕೊನೆಯಲ್ಲಿ ಕೂತು "ಇದು ಇಲ್ಲಿಗೆ ಮುಗಿಯಿತು" ಎಂದು ಹೇಳಿಬಿಡುತ್ತದೆ. ಬಂದಾಗ, ಬಂದರೆ, ಬಂದರೂ, ಬರುವುದಕ್ಕೆ, ಬರುತ್ತಾ, ಇವೆಲ್ಲದರಲ್ಲೂ ಗುರುತು ಬಾಲದಲ್ಲಿದೆ. ಮರಾಠಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಇಂಗ್ಲಿಷಿನಲ್ಲಿ ಉಲ್ಟಾ: "ಆಫ್ಟರ್", "ವೆನ್", "ಇಫ್", "ಆಲ್ದೋ" ಎಲ್ಲ ತಲೆಯಲ್ಲೇ ಬಂದುಬಿಡುತ್ತವೆ. ತುಣುಕು ಶುರುವಾದದ್ದು ಗೊತ್ತಾಗುತ್ತದೆ, ಮುಗಿದದ್ದು ಗೊತ್ತಾಗುವುದಿಲ್ಲ. ನಮ್ಮ "ಮೇಲೆ", "ಆಗ", "ರೆ", "ರೂ" ಮಾಡುವ ಕೆಲಸವನ್ನು ಅಲ್ಲಿ ಕಾಮಾ ಮಾಡುತ್ತದೆ.

ಈ ವಾಕ್ಯವನ್ನು ಹಲಗೆಯ ಮೇಲೆ ಕಾಮಾ ಇಲ್ಲದೆ ಬರೆದು ಒಬ್ಬರಿಂದ ಗಟ್ಟಿಯಾಗಿ ಓದಿಸಿ: "ಆಸ್ ದ ಟ್ರೇನ್ ಲೆಫ್ಟ್ ದ ಪ್ಲಾಟ್‌ಫಾರ್ಮ್ ಎಂಪ್ಟೀಡ್." ಕಣ್ಣು "ಲೆಫ್ಟ್ ದ ಪ್ಲಾಟ್‌ಫಾರ್ಮ್" ಎಂಬುದನ್ನು ಒಟ್ಟಿಗೇ ಹಿಡಿಯುತ್ತದೆ, ರೈಲು ಪ್ಲಾಟ್‌ಫಾರ್ಮ್ ಬಿಟ್ಟಿತು ಎಂದು. ಆಮೇಲೆ "ಎಂಪ್ಟೀಡ್" ಎದುರಾಗುತ್ತದೆ. ಅದಕ್ಕೆ ಕರ್ತೃವೇ ಉಳಿದಿಲ್ಲ. ಓದುಗ ಹಿಂದಕ್ಕೆ ಬಂದು, "ಲೆಫ್ಟ್"ನಲ್ಲೇ ತುಣುಕು ಮುಗಿದಿದೆ, ಖಾಲಿಯಾದದ್ದು ಪ್ಲಾಟ್‌ಫಾರ್ಮ್ ಎಂದು ಮತ್ತೆ ಓದಬೇಕು. "ಲೆಫ್ಟ್" ನಂತರ ಒಂದು ಕಾಮಾ ಇದ್ದಿದ್ದರೆ ಇದಾವುದೂ ಬೇಡ. ಕನ್ನಡದಲ್ಲಿ "ರೈಲು ಹೊರಡುತ್ತಿದ್ದಂತೆ ಪ್ಲಾಟ್‌ಫಾರ್ಮ್ ಖಾಲಿಯಾಯಿತು" ಎಂದು ಹೇಳಿ ನೋಡಿ, ಆ "ಅಂತೆ" ಇರುವ ಜಾಗವೇ ಕಾಮಾದ ಜಾಗ.

ಹಾಗಾಗಿ ಮೊದಲ ನಿಯಮ: ತುಣುಕಿನೊಳಗೆ ಅದರದ್ದೇ ಕರ್ತೃ ಮತ್ತು ಕ್ರಿಯಾಪದ ಇದ್ದು, ಅದು ಮುಖ್ಯ ವಾಕ್ಯಕ್ಕಿಂತ ಮುಂಚೆ ಬಂದರೆ ಕಾಮಾ ಹಾಕಿ. ಚಿಕ್ಕದಾದರೂ ಹಾಕಿ. ಅದೇ ತುಣುಕು ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಬೇಡ: "ದ ಪ್ಲಾಟ್‌ಫಾರ್ಮ್ ಎಂಪ್ಟೀಡ್ ಆಸ್ ದ ಟ್ರೇನ್ ಲೆಫ್ಟ್." ಅಲ್ಲಿ "ಆಸ್" ಎಂಬ ಪದವೇ ಗಡಿಯಾಗಿ ನಿಲ್ಲುತ್ತದೆ. ಹಿಂದೆ ಬಂದರೂ ಕಾಮಾ ಬೇಕಾಗುವುದು ಮುಖ್ಯವಾಗಿ "ಆಲ್ದೋ", "ವೇರ್‌ಆಸ್" ಥರದ ವಿರೋಧ ತೋರಿಸುವ ಪದಗಳಿದ್ದಾಗ.

ಪಿಂಪರಿ ಕೈಪಿಡಿ · ಸೋಮವಾರ, ಮಧ್ಯಾಹ್ನ 1.20

ಮಾಟುಂಗಾದವರು ಹೇಳಿದ್ದು ಖರೇ ಅದ. ಯಂತ್ರದ ಕೈಪಿಡಿಯೊಳಗ ಇದು ಬರೇ ಓದೋ ತ್ರಾಸಲ್ಲ, ಕೆಲಸಾನೇ ತಪ್ಪತದ. ಇದನ್ನ ನೋಡ್ರಿ: "ಬಿಫೋರ್ ಕ್ಲೀನಿಂಗ್ ದ ಫಿಲ್ಟರ್ ಸ್ವಿಚ್ ಆಫ್ ದ ಪಂಪ್." ಹೇಳಬೇಕಾದ ಮಾತು, ಫಿಲ್ಟರ್ ತೊಳಿಯೂದಕ್ಕಿಂತ ಮುಂಚೆ ಪಂಪ್ ಬಂದ್ ಮಾಡ್ರಿ ಅಂತ. ಕಾಮಾ ಇಲ್ಲಂದ್ರ "ಫಿಲ್ಟರ್ ಸ್ವಿಚ್" ಅನ್ನೂದು ಒಂದು ಭಾಗದ ಹೆಸರಾಗಿಬಿಡ್ತದ. ಆಪರೇಟರ್ ಪ್ಯಾನೆಲ್ ಮ್ಯಾಲೆ ಫಿಲ್ಟರ್ ಸ್ವಿಚ್ ಎಲ್ಲದ ಅಂತ ಹುಡುಕ್ತಾನ. ಇಂಗ್ಲಿಷಿನೊಳಗ ಎರಡು ನಾಮಪದ ಒಂದರ ಪಕ್ಕ ಒಂದು ಬಂದ್ರ ಕೂಡಿಕೊಂಡು ಓದೋ ರೂಢಿ ಅದ. ಮ್ಯಾಲೆ "ಸ್ವಿಚ್" ನಾಮಪದಾನೂ ಹೌದು, ಕ್ರಿಯಾಪದಾನೂ ಹೌದು. "ಡ್ರೇನ್", "ಲಾಕ್", "ಸೀಲ್", "ಪ್ರೆಸ್", "ಲೋಡ್", ಇವೆಲ್ಲಾ ಅದೇ ಜಾತಿ. ತುಣುಕಿನ ಮುಂದ ಇಂಥ ಪದ ಬಂತಂದ್ರ ಕಾಮಾ ಬಿಡಲೇಬಾರದು.

ಇನ್ನೊಂದು: "ಇಫ್ ದ ಪ್ರೆಶರ್ ಡ್ರಾಪ್ಸ್ ದ ವಾಲ್ವ್ ಓಪನ್ಸ್." "ಡ್ರಾಪ್ಸ್ ದ ವಾಲ್ವ್" ಅಂತ ಓದಿಸ್ಕೋತದ, ಒತ್ತಡ ವಾಲ್ವನ್ನ ಕೆಡವಿದಂಗ.

ವಿಮಾನ ಉದ್ಯಮದ ಸರಳ ತಾಂತ್ರಿಕ ಇಂಗ್ಲಿಷಿನ ನಿಯಮಾವಳಿ, ಎಎಸ್‌ಡಿ-ಎಸ್‌ಟಿಇ100 ಅಂತಾರಲ್ಲ, ಅದರೊಳಗ ಇದಕ್ಕ ಆಯ್ಕೇನೇ ಇಲ್ಲ. ಸೂಚನೆ ಒಂದು ಷರತ್ತಿನಿಂದ ಶುರು ಆದ್ರ ಷರತ್ತು ಮತ್ತು ಆಜ್ಞೆ ನಡುವ ಕಾಮಾ ಇರಲೇಬೇಕು. ಮೈಕ್ರೋಸಾಫ್ಟ್‌ನ ಶೈಲಿ ಕೈಪಿಡೀನೂ ಆರಂಭದ ತುಣುಕಿನ ನಂತರ ಕಾಮಾ ಹಾಕ್ರಿ ಅಂತದ. ನಮ್ಮ ಕೆಲಸದೊಳಗ ಉದ್ದ ಗಿಡ್ಡ ಅಂತ ನೋಡೂದಿಲ್ಲ, ಎಲ್ಲಾ ಕಡೆ ಹಾಕೂದೇ ರೂಢಿ. ಮಕ್ಕಳಿಗೂ ಇದನ್ನೇ ಹೇಳ್ರಿ ಮೇಡಮ್ಮಾರ, ನಿರ್ಣಯದ ಭಾರ ತಪ್ಪತದ.

ವಾಸ್ಕೋ ಡೆಸ್ಕ್ · ಸೋಮವಾರ, ಸಂಜೆ 4.45

ಕೈಪಿಡಿಗೆ ಅದು ಸರಿ, ಒಪ್ಪುತ್ತೇನೆ. ಆದರೆ ಎಲ್ಲ ಬರವಣಿಗೆಗೂ "ಯಾವಾಗಲೂ ಹಾಕಿ" ಎಂದು ಕಲಿಸುವುದು ಬೇಡ. ಸುದ್ದಿಯಲ್ಲಿ "ಇನ್ ಪಣಜಿ, ಆನ್ ಮಂಡೇ, ಎಟ್ ನೂನ್, ದ ಮಿನಿಸ್ಟರ್ ಸೆಡ್" ಎಂದು ಬರೆದರೆ ಓದುವವರು ನಾಲ್ಕು ಹೆಜ್ಜೆಗೆ ಮೂರು ಸಲ ಎಡವುತ್ತಾರೆ.

ಕರ್ತೃ-ಕ್ರಿಯಾಪದ ಇಲ್ಲದ ಬರೀ ಪದಗುಚ್ಛಕ್ಕೆ, ಅಂದರೆ "ಇನ್", "ಆನ್", "ಎಟ್", "ಬೈ" ಇಂದ ಶುರುವಾಗುವವಕ್ಕೆ, ಕಾಮಾ ಐಚ್ಛಿಕ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಎಪಿ ಶೈಲಿ ಪುಸ್ತಕ ಚಿಕ್ಕ ಪದಗುಚ್ಛದ ನಂತರ, ಅರ್ಥ ಗೊಂದಲವಾಗದಿದ್ದರೆ, ಕಾಮಾ ಬಿಡಬಹುದು ಎನ್ನುತ್ತದೆ. ಅಮೆರಿಕದ ಪುಸ್ತಕ ಪ್ರಕಾಶಕರು ಬಳಸುವ ಶೈಲಿ ಕೈಪಿಡಿ ಶಿಕಾಗೋ ಮ್ಯಾನ್ಯುವಲ್ ಕೂಡ ಇಂಥಲ್ಲಿ ಕಡ್ಡಾಯ ಮಾಡುವುದಿಲ್ಲ. ಬ್ರಿಟಿಷ್ ಬರವಣಿಗೆ ಇನ್ನೂ ಹಗುರ. ನಮ್ಮ ಪಠ್ಯಪುಸ್ತಕಗಳು ಒಂದು ಬ್ರಿಟಿಷ್ ರೂಢಿಯಿಂದ, ಇನ್ನೊಂದು ಅಮೆರಿಕದ ರೂಢಿಯಿಂದ ತೆಗೆದುಕೊಂಡಿರುವುದರಿಂದಲೇ ನಿಮಗೆ ಎರಡು ಬಗೆಯ 1961 ಸಿಕ್ಕಿದೆ. ಎರಡೂ ಸರಿ.

ಆದರೆ ಎರಡು ಅಂಕಿ ಅಕ್ಕಪಕ್ಕ ಬಂದರೆ ಆಯ್ಕೆ ಮುಗಿಯಿತು. "ಆನ್ 26 ಜುಲೈ 2005 944 ಮಿಲಿಮೀಟರ್ಸ್ ಆಫ್ ರೇನ್ ಫೆಲ್ ಎಟ್ ಸಾಂತಾಕ್ರೂಜ್." ಅಚ್ಚಿನಲ್ಲಿ 2005 ಮತ್ತು 944ರ ನಡುವೆ ಉಳಿಯುವುದು ಕೂದಲೆಳೆಯಷ್ಟು ಜಾಗ. ಸಾಲು ಒತ್ತಾದರೆ ಅದೂ ಇಲ್ಲ. 2005ರ ನಂತರ ಕಾಮಾ ಹಾಕಲೇಬೇಕು. ಅದಕ್ಕಿಂತ ಒಳ್ಳೆಯದು ವಾಕ್ಯವನ್ನೇ ತಿರುಗಿಸಿ "ಸಾಂತಾಕ್ರೂಜ್ ರೆಕಾರ್ಡೆಡ್ 944 ಮಿಲಿಮೀಟರ್ಸ್ ಆಫ್ ರೇನ್ ಆನ್ 26 ಜುಲೈ 2005" ಎಂದು ಬರೆಯುವುದು. ಅಂಕಿಗಳು ದೂರ ಸರಿದರೆ ಕಾಮಾದ ಪ್ರಶ್ನೆಯೇ ಇಲ್ಲ.

ದಿನಾಂಕದ ರೂಪಕ್ಕೂ ಗಮನ ಕೊಡಿ. ನಮ್ಮಲ್ಲಿ ದಿನ ಮೊದಲು: "ಆನ್ 19 ಡಿಸೆಂಬರ್ 1961". ಇದರ ಒಳಗೆ ಕಾಮಾ ಇಲ್ಲ. ಅಮೆರಿಕದ ರೂಪದಲ್ಲಿ ತಿಂಗಳು ಮೊದಲು: "ಆನ್ ಡಿಸೆಂಬರ್ 19, 1961, ಗೋವಾ..." ಅಲ್ಲಿ 19ರ ನಂತರ ಒಂದು, ವರ್ಷದ ನಂತರ ಇನ್ನೊಂದು, ಎರಡೂ ಬೇಕು. ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುವುದು ಪ್ರತಿದಿನ ಕಾಣುವ ತಪ್ಪು.

ಡೊಂಬಿವಲಿ ಪೂರ್ವ · ಸೋಮವಾರ, ಸಂಜೆ 6.30

ತುಂಬ ಉಪಯೋಗವಾಯಿತು. ಹಾಗಾದರೆ "ಚಿಕ್ಕದು" ಎಂದರೆ ಎಷ್ಟು ಪದ? ಮಕ್ಕಳು ಖಂಡಿತ ಕೇಳುತ್ತಾರೆ. ಇನ್ನೊಂದು ಸಂಶಯ: "ಮುಂಬೈಯಲ್ಲಿ" ಎಂದರೂ ಬಾಲದಲ್ಲಿ "ಅಲ್ಲಿ" ಉಂಟಲ್ಲ? ಮಾಟುಂಗಾದವರ ಲೆಕ್ಕದಲ್ಲಿ ಅಲ್ಲೂ ಕಾಮಾ ಬರಬೇಕಾಗುತ್ತದೆ.

ಮಾಟುಂಗಾ ಕರಡು · ಸೋಮವಾರ, ರಾತ್ರಿ 8.10

ಒಳ್ಳೆಯ ಪ್ರಶ್ನೆ ಮಾರಾಯ್ರೆ. ಬಾಲದ ಪರೀಕ್ಷೆ ಕಾಮಾ ಎಲ್ಲಿ ಕೂರಬೇಕು ಎಂಬುದನ್ನು ಹೇಳುತ್ತದೆ. ಬೇಕೇ ಬೇಡವೇ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಒಳಗೆ ಕ್ರಿಯೆ ಇದ್ದರೆ ಬೇಕು. ಬರೀ ಸ್ಥಳ, ಕಾಲ ಇದ್ದರೆ ಮುಂದೆ ಬರುವ ಪದವನ್ನು ನೋಡಿ ತೀರ್ಮಾನಿಸಿ.

ಸಾಮಾನ್ಯವಾಗಿ ನಾಲ್ಕೈದು ಪದ ದಾಟಿದರೆ ಹಾಕುತ್ತಾರೆ. ಇದು ಅಂದಾಜು, ಕಾನೂನಲ್ಲ. ಎರಡೇ ಪದವಿದ್ದರೂ ಕಾಮಾ ಬೇಕಾಗುವುದು ಹೇಗೆ ನೋಡಿ: "ಇನ್ ಮುಂಬೈ ಕನ್ನಡ ಸ್ಕೂಲ್ಸ್ ಆರ್ ಆಲ್ಸೋ ರನ್ ಬೈ ದ ಕಾರ್ಪೊರೇಷನ್." ಮುಂಬೈ, ಕನ್ನಡ ಎರಡೂ ದೊಡ್ಡಕ್ಷರದಲ್ಲಿ ಶುರುವಾಗುವ ಪದಗಳು, ಒಂದಕ್ಕೊಂದು ಅಂಟಿಕೊಂಡು "ಮುಂಬೈ ಕನ್ನಡ ಸ್ಕೂಲ್ಸ್" ಎಂಬ ಒಂದೇ ಹೆಸರಾಗುತ್ತವೆ. ಮುಂಬೈ ನಂತರ ಕಾಮಾ ಹಾಕಿದರೆ ಬಿಡಿಸಿಕೊಳ್ಳುತ್ತವೆ. ಅದೇ "ಇನ್ ಮುಂಬೈ ದ ರೇನ್ಸ್ ಬಿಗಿನ್ ಇನ್ ಜೂನ್" ಎಂಬಲ್ಲಿ "ದ" ಬಂದು ಹೊಸ ಪದಗುಚ್ಛ ಶುರುವಾಯಿತೆಂದು ಹೇಳುವುದರಿಂದ ಕಾಮಾ ಇಲ್ಲದೆಯೂ ನಡೆಯುತ್ತದೆ. "ಹಿ", "ಶಿ", "ವಿ", "ದೇ" ಬಂದರೂ ಹಾಗೆಯೇ. ಅಂಕಿ, ಹೆಸರು, ಎರಡರ್ಥದ ಪದ ಬಂದರೆ ಬಿಡಬೇಡಿ.

ಪದಗುಚ್ಛಗಳು ಸಾಲಾಗಿ ಬಂದರೆ, ವಾಸ್ಕೋದವರು ಕೊಟ್ಟ ಪಣಜಿಯ ವಾಕ್ಯದಂತೆ, ಪ್ರತಿಯೊಂದಕ್ಕೂ ಬೇಡ. ಕೊನೆಯದು ಮುಗಿದಲ್ಲಿ ಒಂದೇ ಒಂದು: "ಎಟ್ ನೂನ್ ಆನ್ ಮಂಡೇ ಇನ್ ಪಣಜಿ, ದ ಮಿನಿಸ್ಟರ್ ಸೆಡ್..."

ಹಡಪ್ಸರ್ ಎಂ.ಎ. · ಮಂಗಳವಾರ, ಬೆಳಿಗ್ಗೆ 9.05

"ವಾಕಿಂಗ್ ಟು ದ ಸ್ಟೇಷನ್" ಇಂದ ಶುರುವಾಗೋ ವಾಕ್ಯಕ್ಕ ಕಾಮಾ ಒಮ್ಮೆ ಬೇಕಂತಾರ, ಒಮ್ಮೆ ಬ್ಯಾಡಂತಾರ. ಪದಗಳು ಅವೇ ಇದ್ದಾಗ ಗುರುತು ಹಿಡಿಯೂದು ಹೆಂಗ್ರಿ ಸರ?

ಮಾಟುಂಗಾ ಕರಡು · ಮಂಗಳವಾರ, ಬೆಳಿಗ್ಗೆ 9.40

ಕನ್ನಡಕ್ಕೆ ತಿರುಗಿಸಿ, ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. "ವಾಕಿಂಗ್ ಟು ದ ಸ್ಟೇಷನ್ ಟೇಕ್ಸ್ ಟೆನ್ ಮಿನಿಟ್ಸ್": ನಿಲ್ದಾಣಕ್ಕೆ ನಡೆಯುವುದಕ್ಕೆ ಎಂದು ನಾವು ಹೇಳಿದರೂ, ಇಂಗ್ಲಿಷಿನ ಲೆಕ್ಕದಲ್ಲಿ ಅದು "ನಡೆಯುವುದು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ". "ನಡೆಯುವುದು" ಎಂಬುದೇ ಕರ್ತೃ. ಕಾಮಾ ಹಾಕಿದರೆ ತಪ್ಪು. "ವಾಕಿಂಗ್ ಟು ದ ಸ್ಟೇಷನ್, ಶಿ ರೆಡ್ ದ ಲೆಟರ್": ನಡೆಯುತ್ತಾ ಓದಿದಳು. "ಉತ್ತಾ" ಬಂತು, ಕರ್ತೃ ಬೇರೆ ಇದ್ದಾಳೆ. ಕಾಮಾ ಬೇಕು, ಇಲ್ಲಿ ಐಚ್ಛಿಕವೂ ಅಲ್ಲ.

"ಟು" ಇಂದ ಶುರುವಾದರೂ ಇದೇ ಉಪಾಯ. "ಟು ಲರ್ನ್ ಮರಾಠಿ ಇಸ್ ಯೂಸ್‌ಫುಲ್" ಅಂದರೆ ಕಲಿಯುವುದು, ಕಾಮಾ ಇಲ್ಲ. "ಟು ಲರ್ನ್ ಮರಾಠಿ, ಹಿ ಮೂವ್ಡ್ ಟು ಪುಣೆ" ಅಂದರೆ ಕಲಿಯುವುದಕ್ಕಾಗಿ, ಕಾಮಾ ಉಂಟು. "ವಾಟ್ ಹಿ ಸೆಡ್ ವಾಸ್ ಟ್ರೂ" ಎಂಬಲ್ಲಿ "ಅವನು ಹೇಳಿದ್ದು" ಕರ್ತೃ, ಕಾಮಾ ಇಲ್ಲ. "ವುದು", "ದ್ದು" ಎಂದು ಮುಗಿದು ಅದೇ ಕರ್ತೃವಾದರೆ ಕೈ ತಡೆಯಿರಿ. "ಉತ್ತಾ", "ಅಕ್ಕಾಗಿ", "ಅಲು" ಎಂದು ಮುಗಿದರೆ ಹಾಕಿ.

ವಾಸ್ಕೋ ಡೆಸ್ಕ್ · ಮಂಗಳವಾರ, ಬೆಳಿಗ್ಗೆ 10.30

ಈ ಪರೀಕ್ಷೆ ಕೈಕೊಡುವ ಒಂದು ಜಾಗವಿದೆ, ಟಿಪ್ಪಣಿಯಲ್ಲಿ ಬರೆದಿಡಿ. "ಇನ್ ದ ಕಾರ್ನರ್ ಸ್ಟುಡ್ ಆ್ಯನ್ ಓಲ್ಡ್ ಟ್ರಂಕ್." ಮೂಲೆಯಲ್ಲಿ ಎಂಬ ಬಾಲ ಇದೆ, ಆದರೂ ಕಾಮಾ ಬಾರದು. ಇಲ್ಲಿ ಕರ್ತೃ "ಟ್ರಂಕ್" ಹಿಂದಕ್ಕೆ ಹೋಗಿದೆ, ಆರಂಭದ ಪದಗುಚ್ಛದ ಬೆನ್ನಿಗೇ ಕ್ರಿಯಾಪದ ಬಂದಿದೆ. "ಸ್ಟ್ಯಾಂಡಿಂಗ್ ಎಟ್ ದ ಗೇಟ್ ವಾಸ್ ದ ವಾಚ್‌ಮನ್" ಕೂಡ ಅದೇ ಬಗೆ. ಕಾಮಾ ಹಾಕುವ ಮುಂಚೆ ಮುಂದಿನ ಪದ ಕರ್ತೃವೋ ಕ್ರಿಯಾಪದವೋ ನೋಡಬೇಕು. ಕ್ರಿಯಾಪದವಾದರೆ ಬೇಡ. ಆಜ್ಞಾವಾಕ್ಯ ಮಾತ್ರ ಇದಕ್ಕೆ ಹೊರತು: "ಬಿಫೋರ್ ಕ್ಲೀನಿಂಗ್ ದ ಫಿಲ್ಟರ್, ಸ್ವಿಚ್ ಆಫ್..." ಅಲ್ಲಿ "ನೀನು" ಎಂಬ ಕರ್ತೃ ಅಡಗಿದ್ದಾನೆ.

ಫೋರ್ಟ್ ಭಾಷಾಂತರ · ಮಂಗಳವಾರ, ಮಧ್ಯಾಹ್ನ 2.15

ಕಚೇರಿ ಮತ್ತು ಕಾನೂನು ಬರವಣಿಗೆಯ ಕಡೆಯಿಂದ ಕೆಲವು ಮಾತು. ಅಧಿಸೂಚನೆಗಳಲ್ಲಿ "ಇನ್ ಎಕ್ಸರ್‌ಸೈಸ್ ಆಫ್ ದ ಪವರ್ಸ್ ಕನ್ಫರ್ಡ್ ಬೈ ಸೆಕ್ಷನ್..." ಎಂದು ಮೂರು ನಾಲ್ಕು ಸಾಲು ಓಡಿದ ಮೇಲೆ ಸರ್ಕಾರ ಎಂಬ ಕರ್ತೃ ಬರುತ್ತದೆ. ಆ ಕರ್ತೃವಿಗಿಂತ ಮುಂಚಿನ ಕಾಮಾ ಬಿದ್ದುಹೋದರೆ ಅನುವಾದ ಮಾಡುವವರಿಗೆ ಮುಖ್ಯ ವಾಕ್ಯ ಎಲ್ಲಿ ಶುರು ಎಂದೇ ಸಿಗುವುದಿಲ್ಲ. "ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್ ಇನ್ ದಿಸ್ ಆ್ಯಕ್ಟ್," ಮತ್ತು "ಸಬ್ಜೆಕ್ಟ್ ಟು ದ ಪ್ರೊವಿಷನ್ಸ್ ಆಫ್..." ಕೂಡ ಇದೇ ಗುಂಪು. ಆದರೆ "ಪ್ರೊವೈಡೆಡ್ ದಟ್" ನಂತರ ತಕ್ಷಣ ಕಾಮಾ ಬರೆಯಬಾರದು. ಅದು ಷರತ್ತಿನ ಬಾಗಿಲು, ಷರತ್ತು ಇನ್ನೂ ಒಳಗಿದೆ.

ಪತ್ರಗಳಲ್ಲಿ "ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ 5 ಜೂನ್, ವಿ..." ಎಂಬಲ್ಲಿ ಹಾಕಬೇಕು. "ರೆಫರೆನ್ಸ್" ನಂತರವೋ "ಲೆಟರ್" ನಂತರವೋ ಹಾಕುವುದು ಅರ್ಧ ದಾರಿಯಲ್ಲಿ ನಿಂತಂತೆ.

ಸ್ವಂತ ಕರ್ತೃ ಇರುವ ಕೃದಂತ ಇನ್ನೊಂದು ಎಡವಟ್ಟಿನ ಜಾಗ. "ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ದ ಮ್ಯಾಚ್ ರೆಸ್ಯೂಮ್ಡ್" ಸರಿ. "ದ ರೇನ್, ಹ್ಯಾವಿಂಗ್ ಸ್ಟಾಪ್ಡ್, ದ ಮ್ಯಾಚ್ ರೆಸ್ಯೂಮ್ಡ್" ತಪ್ಪು, ಏಕೆಂದರೆ "ರೇನ್" ಎಂಬ ಪದ ಕ್ರಿಯಾಪದ ಇಲ್ಲದೆ ಅನಾಥವಾಗುತ್ತದೆ.

ಪಿಂಪರಿ ಕೈಪಿಡಿ · ಮಂಗಳವಾರ, ಸಂಜೆ 5.00

ಒಂದೇ ಪದದಿಂದ ಶುರು ಆಗೂವು ಉಳದಾವ, ಅವನ್ನೂ ಹೇಳಿಬಿಡ್ತೀನಿ. "ಅನ್‌ಫಾರ್ಚುನೇಟ್ಲಿ", "ಫ್ರ್ಯಾಂಕ್ಲಿ", "ಯೆಸ್", "ನೋ", "ಸರ್", ಇವು ಇಡೀ ವಾಕ್ಯದ ಬಗ್ಗೆ ಇಲ್ಲಾ ಕೇಳೋರನ್ನ ಕುರಿತು ಹೇಳೂವು, ಕಾಮಾ ಬೇಕು. "ದೆನ್", "ನೌ", "ಟುಡೇ", "ಪರ್‌ಹ್ಯಾಪ್ಸ್" ನಂತರ ಸಾಮಾನ್ಯವಾಗಿ ಬ್ಯಾಡ.

"ಹೌಎವರ್" ಭಾಳ ಮೋಸ ಮಾಡ್ತದ. "ಆದರೆ" ಅಂತ ಅರ್ಥ ಇದ್ರ ಕಾಮಾ: "ಹೌಎವರ್, ದ ಪಂಪ್ ಫೇಲ್ಡ್." "ಎಷ್ಟೇ ಮಾಡಿದರೂ" ಅಂತ ಅರ್ಥ ಇದ್ರ ಅದರ ಪಕ್ಕಕ್ಕ ಕಾಮಾ ಇಲ್ಲ, ತುಣುಕು ಮುಗಿದಲ್ಲಿ: "ಹೌಎವರ್ ಹಾರ್ಡ್ ವಿ ಟ್ರೈಡ್, ದ ಪಂಪ್ ಫೇಲ್ಡ್." ಇಲ್ಲೂ ಕನ್ನಡದ "ರೂ" ದಾರಿ ತೋರಿಸ್ತದ.

"ಆಲ್ದೋ" ಮುಗಿದ ಕೂಡಲೇ ಸಾಮಾನ್ಯವಾಗಿ ಕಾಮಾ ಬರಂಗಿಲ್ಲ. "ಆಲ್ದೋ, ದ ಪಂಪ್ ವಾಸ್ ಓಲ್ಡ್" ಅಂತ ಬರಿಯೋರು ಅದನ್ನ "ಹೌಎವರ್" ಅಂತ ತಿಳ್ಕೊಂಡಿರ್ತಾರ. "ಬಟ್", "ಆ್ಯಂಡ್", "ಸೋ" ನಂತರಾನೂ ಸುಮ್ಮಸುಮ್ಮನ ಬ್ಯಾಡ. "ಬಟ್ ಇಫ್ ದ ಲ್ಯಾಂಪ್ ಗ್ಲೋಸ್, ಸ್ಟಾಪ್ ದ ಮೋಟರ್": "ಬಟ್" ಮತ್ತು "ಇಫ್" ನಡುವ ಕಾಮಾ ಇಲ್ಲ, "ಗ್ಲೋಸ್" ನಂತರ ಮಾತ್ರ.

ಬರದಾದ ಮ್ಯಾಲೆ ತಪ್ಪು ಹುಡುಕಲಿಕ್ಕೆ ವರ್ಡ್‌ನೊಳಗ ಸುಲಭ ದಾರಿ ಅದ. ಅಡ್ವಾನ್ಸ್ಡ್ ಫೈಂಡ್ ತಗೀರಿ, ಮ್ಯಾಚ್ ಕೇಸ್‌ಗೆ ಗುರುತು ಹಾಕ್ರಿ, ದೊಡ್ಡಕ್ಷರದಿಂದ ಶುರು ಆಗೋ "ಇಫ್" ಬರದು ಹುಡುಕ್ರಿ. ವಾಕ್ಯದ ಮೊದಲಿಗೆ ಬಂದ "ಇಫ್" ಅಷ್ಟೇ ಸಿಗ್ತಾವ, ನಡುವಿನವು ಬಿಟ್ಟುಹೋಗ್ತಾವ. ಹಂಗ "ವೆನ್", "ಆಫ್ಟರ್", "ಬಿಫೋರ್", "ಆಲ್ದೋ", "ವೈಲ್", "ಆಸ್" ಒಂದೊಂದಾಗಿ ನೋಡಿಬಿಡ್ರಿ.

ಡೊಂಬಿವಲಿ ಪೂರ್ವ · ಬುಧವಾರ, ಬೆಳಿಗ್ಗೆ 8.50

ಎಲ್ಲ ಸೇರಿಸಿ ಅಭ್ಯಾಸಕ್ಕೆ ಐದು ವಾಕ್ಯ ಮಾಡಿದ್ದೇನೆ. ದಯವಿಟ್ಟು ನೋಡಿ.

1. "ಆಫ್ಟರ್ ದ ರೇನ್ ಸ್ಟಾಪ್ಡ್, ದ ಲೋಕಲ್ಸ್ ಸ್ಟಾರ್ಟೆಡ್ ಅಗೇನ್."
2. "ಆನ್ 16 ಏಪ್ರಿಲ್ 1853, ಇಂಡಿಯಾಸ್ ಫಸ್ಟ್ ಪ್ಯಾಸೆಂಜರ್ ಟ್ರೇನ್, ರ‍್ಯಾನ್ ಫ್ರಮ್ ಬೋರಿ ಬಂದರ್ ಟು ಠಾಣೆ."
3. "ಎಟ್ ದ ಎಂಡ್ ಆಫ್ ದ ಲೇನ್, ಸ್ಟ್ಯಾಂಡ್ಸ್ ಎ ಶಿವ ಟೆಂಪಲ್."
4. "ಟು ಕ್ಯಾಚ್ ದ 8.10 ಲೋಕಲ್, ಯೂ ಮಸ್ಟ್ ಲೀವ್ ಅರ್ಲಿ."
5. "ರೀಚಿಂಗ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್."

ಮಾಟುಂಗಾ ಕರಡು · ಬುಧವಾರ, ಬೆಳಿಗ್ಗೆ 9.30

1 ಮತ್ತು 4 ಸರಿ. 2ರಲ್ಲಿ ಮೊದಲ ಕಾಮಾ ಇರಲಿ, "ಟ್ರೇನ್" ನಂತರದ್ದು ತೆಗೆಯಿರಿ. ಕರ್ತೃ "ಟ್ರೇನ್", ಕ್ರಿಯಾಪದ "ರ‍್ಯಾನ್", ನಡುವೆ ಗೋಡೆ ಬೇಡ. 3ರಲ್ಲಿ ವಾಸ್ಕೋದವರ ಟ್ರಂಕಿನ ನಿಯಮ: "ಸ್ಟ್ಯಾಂಡ್ಸ್" ಬೆನ್ನಿಗೇ ಬಂದಿದೆ, ಕಾಮಾ ತೆಗೆಯಿರಿ.

5ನೆಯದರಲ್ಲಿ ಕಾಮಾ ಸರಿಯಾದ ಜಾಗದಲ್ಲೇ ಇದೆ, ಆದರೆ ವಾಕ್ಯ ನಿಲ್ಲುವುದಿಲ್ಲ. "ನಿಲ್ದಾಣಕ್ಕೆ ಬಂದು ನೋಡಿದರೆ ರೈಲು ಹೋಗಿತ್ತು" ಎಂದು ಕನ್ನಡದಲ್ಲಿ ಹೇಳಬಹುದು, ಬಂದವರು ಯಾರೆಂದು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ "ರೀಚಿಂಗ್" ಎಂಬುದು ಕಾಮಾದ ಆಚೆ ಮೊದಲು ಸಿಕ್ಕ ಕರ್ತೃವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಸಿಗುವುದು ರೈಲು. ರೈಲೇ ನಿಲ್ದಾಣ ತಲುಪಿ ಹೊರಟುಹೋಗಿತ್ತು ಎಂದಾಯಿತು. ನಮ್ಮ ಮಕ್ಕಳು ಇದನ್ನು ಬರೆಯುವುದು ಕನ್ನಡದ ಈ ಸ್ವಾತಂತ್ರ್ಯವನ್ನು ಅಲ್ಲಿಗೂ ಕೊಂಡುಹೋಗುವುದರಿಂದ. ಕರ್ತೃವನ್ನು ಒಳಗೆ ತಂದು ಹೀಗೆ ಬರೆಸಿ: "ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್."

ಡೊಂಬಿವಲಿ ಪೂರ್ವ · ಬುಧವಾರ, ಬೆಳಿಗ್ಗೆ 9.48

ತಿದ್ದಿದೆ. 5ನೆಯದನ್ನು ತಪ್ಪಾದ ರೂಪದಲ್ಲೇ ಇಟ್ಟು, ಕೆಳಗೆ "ತಲುಪಿದವರು ಯಾರು?" ಎಂಬ ಪ್ರಶ್ನೆ ಹಾಕುತ್ತೇನೆ.